ಗೂಟದ ಮೇಲೆ ಉಳಿದ ಸಿಂಬಿ

ನನ್ನ ಗಂಡ ಸಿನಿಮಾ ಮಾಡುತ್ತೇನೆ ಎಂದಾಗ ಗೋಕಾಕದ ನಮ್ಮ ಓಣಿಯಲ್ಲಿ ನಗದವರಿಲ್ಲ. ಮದುವೆಯ ವಿಡಿಯೋ ತೆಗೆಯುವವನಿಗೆ ಸಿನಿಮಾ ಏನು ಮಹಾ ಎಂದು ಇವರ ವಾದ. ನಾನು ಕುಪ್ಪಸ ಹೊಲಿಯುವವಳು. ನನ್ನ ಮಿಷನ್ನಿನ ಸದ್ದಿನಲ್ಲಿ ಇವರ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಸಂಸಾರ ಹದಿನಾರು ವರ್ಷ ನಡೆದದ್ದೂ ಬಹುಶಃ ಅದರಿಂದಲೇ.

ಸಿನಿಮಾದ ಕಥೆ ಮೂಡಲಗಿ ಕಡೆಯ ಇವರ ಹುಟ್ಟೂರಿನದು. ಬ್ರಿಟಿಷರ ಕಾಲದಲ್ಲಿ ಅಲ್ಲಿಯ ದೊಡ್ಡ ಒಕ್ಕಲು ಮನೆಯೊಂದರ ಸೊಸೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳಂತೆ. ನೀರಿಗೆ ಹೋದಾಗ ಕಾಲು ಜಾರಿತು ಎಂದು ಅವಳ ಗಂಡ ಹೇಳಿದ, ಊರು ಒಪ್ಪಿತು. ಆದರೂ ಯಾರೋ ಕೊಂದರು ಎನ್ನುವ ಗುಸುಗುಸು ಇವತ್ತಿಗೂ ನಿಂತಿಲ್ಲ. ಇವರು ಬರೆದ ಚಿತ್ರಕಥೆಯಲ್ಲಿ ಕೊಂದವನು ಬಂಗಾರದ ಆಸೆಗೆ ಬಂದ ಕಳ್ಳ. ಗಂಡ, ಪಾಪ, ಕೊನೆಯಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅಳುತ್ತಾನೆ. ಆ ಪಾತ್ರ ಇವರದೇ.

ಅದನ್ನು ನನಗೆ ಓದಿ ಹೇಳಿದ ದಿನ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಬಾವಿಗಿ ಹೋಗಾಕ ಮೈತುಂಬ ಬಂಗಾರ ಯಾರ ಹಾಕ್ಕೋತಾರ್ರಿ?" ಎಂದು ನಕ್ಕುಬಿಟ್ಟೆ. ಪಡಸಾಲೆಯಲ್ಲಿ ನಿಂತಿದ್ದೆ. ದೂಡಿದರು. ಹೊಸ್ತಿಲ ಮೇಲೆ ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು, ಹಸಿರು ಬಳೆಗಳು ಚೂರುಚೂರಾದವು. ಕೈ ಮಾಡಿದ್ದು ಮೊದಲ ಸಲವೇನಲ್ಲ. ಮೂಳೆ ಮುರಿದದ್ದು ಮೊದಲ ಸಲ.

ದವಾಖಾನೆಯಲ್ಲಿ ಬಚ್ಚಲಲ್ಲಿ ಜಾರಿದೆ ಎಂದೆ. ಹುಕ್ಕೇರಿಯಿಂದ ನನ್ನ ಅಣ್ಣ ಓಡಿ ಬಂದ. "ಖರೆ ಹೇಳ ತಂಗಿ, ಜಾರಿ ಬಿದ್ದಿಯೇನ?" ಎಂದು ಮೂರು ಸಲ ಕೇಳಿದ. ಮೂರು ಸಲವೂ "ಹೂಂ ಅಣ್ಣಾ" ಎಂದೆ. ಎಂಥ ಹೇಡಿ ನಾನು! ಅಸ್ತರದ ಬಟ್ಟೆ ನಾಲ್ಕು ಬೆರಳು ಕಡಿಮೆ ಬಂದರೆ ಅಂಗಡಿಯವನ ಜೊತೆ ಓಣಿ ಕೂಡುವ ಹಾಗೆ ಜಗಳ ತೆಗೆಯುತ್ತೇನೆ. ನನ್ನ ಕೈ ಮುರಿದದ್ದನ್ನು ಒಡಹುಟ್ಟಿದವನಿಗೆ ಹೇಳಲಾರದೆ ಹೋದೆ. ಹೇಳಿದರೆ ಮನೆ ಮುರಿಯುತ್ತದೆ ಎಂಬ ಅಂಜಿಕೆ.

ಆಗ ಅತ್ತೆ ನಮ್ಮ ಮನೆಯಲ್ಲೇ ಇದ್ದರು. ನಾನು ಬಿದ್ದ ಹೊತ್ತಿಗೆ ಸಂತೆಗೆ ಹೋಗಿದ್ದರು. ಕುರಿ ಸಾಕಿದ ಮನೆಯ ಹೆಣ್ಣುಮಗಳು, ಮಾತು ಕಡಿಮೆ. ಏನೂ ಕೇಳಲಿಲ್ಲ, ಒಂದೂವರೆ ತಿಂಗಳು ನನ್ನ ತಲೆ ಬಾಚಿದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಇವರ ಊರಿನಲ್ಲಿ ಶೂಟಿಂಗ್ ಶುರುವಾಯಿತು. ಸಾಯುವವಳ ಪಾತ್ರ ನನಗೇ. ಒಲ್ಲೆ ಎನ್ನುವ ಧೈರ್ಯ ಎಲ್ಲಿತ್ತು? ಇಳಕಲ್ ಸೀರೆ ಉಟ್ಟು, ಮೂಗುಬೊಟ್ಟು ಅಂಟಿಸಿಕೊಂಡು ಬಾವಿಯ ದಾರಿಯಲ್ಲಿ ನಿಂತೆ. ಕ್ಯಾಮೆರಾ ಹಿಡಿದವರು ಇವರ ಗೆಳೆಯ, ನನ್ನನ್ನು ಭಾಬಿ ಎಂದು ಕರೆಯುವ ಮೆತ್ತಗಿನ ಮನುಷ್ಯ. ಇವರು ತಾಮ್ರದ ಕೊಡ ಕೊಟ್ಟು, "ಸೊಂಟದ ಮ್ಯಾಲ ಇಟಗೊಂಡ ನಡಿ" ಎಂದರು. ನನ್ನ ಎಡಗೈಗೆ ಇನ್ನೂ ಬಲ ಬಂದಿರಲಿಲ್ಲ.

"ತಲಿ ಮ್ಯಾಲ ಹೊರತೇನ್ರಿ. ಸಿಂಬಿ ಎಲ್ಲೈತಿ?"

"ಸಿಂಬಿ ಯಾರ ನೋಡತಾರ? ಹಂಗ ನಡಿ."

ಕೊಡ ತಲೆಯ ಮೇಲೆ ನಿಲ್ಲಲೆಂದು ಹಳೆಯ ಬಟ್ಟೆ ಸುತ್ತಿ ಮಾಡಿಕೊಳ್ಳುವ ಸಿಂಬಿ ಗಂಡಸರ ಕಣ್ಣಿಗೆ ಬೀಳುವುದೇ ಇಲ್ಲ. ಶೂಟಿಂಗ್ ನೋಡಲು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಎದ್ದು ನಿಂತರು.

"ಆಕಿ ಸತ್ತ ದಿನಾನೂ ಸಿಂಬಿ ಮನ್ಯಾಗ ಇತ್ತಪಾ," ಎಂದರು ಮಗನಿಗೆ. "ಕೊಡಾ ಬಾವ್ಯಾಗ, ಸಿಂಬಿ ಗೂಟದ ಮ್ಯಾಲ. ಇಷ್ಟ ದೂರ ಸಿಂಬಿ ಬಿಟ್ಟ ಯಾ ಹೆಣಮಗಳ ನೀರಿಗಿ ಹೋಗತಾಳ? ಆಕಿನ್ನ ಕೊಂದ, ಆಮ್ಯಾಲ ಮನ್ಯಾಗಿನ ಕೊಡಾ ತಂದ ಬಾವ್ಯಾಗ ಒಗದಾನ. ಸಿಂಬಿ ನೆನಪ ಆಗಲಿಲ್ಲ ಅಂವಗ. ಕಳ್ಳ ಅಲ್ಲ, ಗಂಡನೇ ಕೊಂದಾನ."

"ಯಾರ ನೋಡಿದ್ರ ಬೇ ಅದನ್ನ?" ಇವರು ರೇಗಿದರು.

"ಆಕಿ ಅತ್ತಿ ನೋಡಿದ್ಲು. ಮಗನ್ನ ಉಳಸಾಕ ಬಾಯಿ ಮುಚಗೊಂಡ್ಲು. ಸಾಯೂ ಮುಂದ ನಮ್ಮ ಮುತ್ತಜ್ಜಿಗಿ ಹೇಳಿ ಅತ್ತಳಂತ."

ಅತ್ತೆ ನನ್ನ ಎಡಗೈ ನೋಡುತ್ತಿದ್ದರು. "ನಾನೂ ಸಂತಿಯಿಂದ ಬಂದ ಪಡಸಾಲ್ಯಾಗ ಬಳಿ ಚೂರ ಆರಿಸಿ ಒಗದೇನಿ. ಬಚ್ಚಲದಾಗ ಒಂದ ಚೂರೂ ಇರಲಿಲ್ಲ."

ನನಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಗೊತ್ತಿದ್ದೂ ಇಷ್ಟು ದಿನ! ದಿನಾ ನನ್ನ ಜಡೆ ಹೆಣೆಯುತ್ತ ಸುಮ್ಮನಿದ್ದರಲ್ಲ! ಮರುಗಳಿಗೆಯೇ ನಾಚಿಕೆಯಾಯಿತು. ಅವರು ಚೂರು ಎಸೆದರು, ನಾನು ಸುಳ್ಳು ಹೇಳಿದೆ. ಇವರನ್ನು ಉಳಿಸಿದವರು ನಾವಿಬ್ಬರೂ.

"ಸಾಕ ಮಾಡ ಬೇ ನಿನ್ನ ಪುರಾಣ. ಏ, ನೀ ನಡಿ, ಬಿಸಲ ಏರಾಕತ್ತೈತಿ!" ಎಂದು ಇವರು ನನ್ನ ಮೇಲೆ ಕೂಗಿದರು.

ಕೊಡ ಕೆಳಗಿಟ್ಟೆ. ಬಾವಿಯ ಕಡೆ ಹೋಗದೆ ಡಾಂಬರು ರಸ್ತೆಯ ಕಡೆ ತಿರುಗಿದೆ. ಇವರು ಅಡ್ಡ ಬಂದರು. ಅತ್ತೆ ನಡುವೆ ನಿಂತರು. "ಹೋಗ ಯವ್ವಾ, ನಿಮ್ಮಣ್ಣನ ಕಡಿ ಹೋಗ. ಇಂವನ್ನ ನಾ ನೋಡಕೋತೇನಿ." ಗೆಳೆಯ ಕ್ಯಾಮೆರಾ ಇಳಿಸಿ, "ಬಸ್‌ಸ್ಟ್ಯಾಂಡ್‌ತನಕ ಗಾಡಿ ಮ್ಯಾಲ ಬಿಡತೇನಿ, ಬರ್ರಿ ಭಾಬಿ" ಎಂದರು.

ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಮದುವೆ ಮನೆಯವರ ನಾಲ್ಕು ಕುಪ್ಪಸಕ್ಕೆ ಇನ್ನೂ ತೋಳು ಕೂಡಿಸಿಲ್ಲ ಎಂದು ನೆನಪಾಯಿತು. ಅಂಥ ಹೊತ್ತಿನಲ್ಲೂ! ಓಣಿಯ ಕಡೆ ಹೋಗಿಬಿಡಲೇ ಎಂದು ಎರಡು ಹೆಜ್ಜೆ ಇಟ್ಟೆ ಕೂಡ. ಅಷ್ಟರಲ್ಲಿ ಹುಕ್ಕೇರಿ ಬಸ್ಸು ಬಂತು, ಹತ್ತಿದೆ.

ಬಾಗಿಲು ತೆಗೆದ ಅಣ್ಣ ನನ್ನ ಮುಖದ ಬಣ್ಣ, ಅಂಟಿಸಿದ ಮೂಗುಬೊಟ್ಟು ನೋಡಿ ನಗಲು ಹೋದ. "ಇದೇನ ವೇಷ ತಂಗಿ? ಕೈ ಹೆಂಗೈತಿ ಈಗ?" ಎಂದ. ಹೇಗೆ ಬಿದ್ದೆ ಎಂದು ಈ ಸಲ ಅವನು ಕೇಳಲಿಲ್ಲ.

"ನಾ ಜಾರಿ ಬಿದ್ದಿದ್ದಿಲ್ಲ ಅಣ್ಣಾ," ಎಂದೆ. "ಅವರು ದೂಡಿದ್ರು."