ಪೇಟೆಯ ಅಂಕಣಕ್ಕೆ ಕ್ರಾಸಿನವರ ನೀರು

ಹೋದ ವರ್ಷದ ಖೋ ಖೋ ಲೀಗ್‌ನಲ್ಲಿ ಪೇಟೆ ಪ್ಯಾಂಥರ್ಸ್ ತಂಡದ ಕುಶಾಲ್ ಕಂಬದ ಹಿಂದೆ ಜಾರಿಬಿದ್ದು ಮಂಡಿ ಮುರಿದುಕೊಂಡ. ಆ ಬೆಳಗ್ಗೆ ಅಂಕಣಕ್ಕೆ ನೀರು ಹಾಕಿದ್ದವರು ಎದುರಾಳಿ ಮಲ್ಲೇಶ್ವರದ ತಂಡದ ಶೀನಣ್ಣ. ಅವರು ಬೇಕೆಂದೇ ನೀರು ಹೆಚ್ಚು ಹಾಕಿದರೆಂದು ಲೀಗ್ ನಡೆಸುವ ಕಂಪನಿ ಹೇಳಿಕೆ ಕೊಟ್ಟಿತು. ಮರುದಿನ ಶೀನಣ್ಣನ ಅಂಕಣದ ಕೆಲಸ ಹೋಯಿತು. ಯಾರೂ ಅವರನ್ನು ಏನೂ ಕೇಳಲಿಲ್ಲ.

ಅದೇ ಅಂಕಣ, ಚಾಮರಾಜಪೇಟೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈ ಅಂಕಣ ನೋಡಿಕೊಳ್ಳುವ ತಿಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಎದುರಿಗೆ, ನಿನ್ನೆ ಸಂಜೆ ನುಣ್ಣಗೆ ಬಡಿದು ಬಿಟ್ಟುಹೋಗಿದ್ದ ಮಣ್ಣಿನಲ್ಲಿ, ವ್ಯಾನಿನ ಚಕ್ರ ಎರಡು ಉದ್ದನೆಯ ಹಳ್ಳ ಕೊರೆದಿದೆ. ಕಂಪನಿಯವರು ದೀಪದ ಕಂಬ ಇಳಿಸಲು ಗಾಡಿಯನ್ನು ಸೀದಾ ಒಳಗೇ ತಂದಿದ್ದಾರೆ. ಗೇಟಿನ ಬಳಿ ನಿಲ್ಲಿಸಿ ಹತ್ತು ಹೆಜ್ಜೆ ಹೊತ್ತು ತಂದಿದ್ದರೆ ಯಾರ ಸೊಂಟವೂ ಉಳುಕುತ್ತಿರಲಿಲ್ಲ. ತಿಮ್ಮಕ್ಕ ಹಳ್ಳದೊಳಗೆ ಹೆಬ್ಬೆರಳು ಒತ್ತಿ ನೋಡುತ್ತಾರೆ, ಒಂದು ಚಿಟಿಕೆ ಮಣ್ಣು ಉಜ್ಜಿ ನೋಡುತ್ತಾರೆ, ಆಮೇಲೆ ವ್ಯಾನಿನ ಡ್ರೈವರನ ಕುಲಗೋತ್ರವನ್ನೆಲ್ಲ ಗೊಣಗುತ್ತಲೇ ಹಾರೆ ಹಿಡಿದು ಏಳುತ್ತಾರೆ.

"ಇವರ ಮನೆ ಹಾಲಲ್ಲಿ ನಾನು ಎತ್ತಿನ ಗಾಡಿ ಹೊಡ್ಕೊಂಡು ಹೋದ್ರೆ ಸುಮ್ನಿರ್ತಾರಾ?" ಎನ್ನುತ್ತಾರೆ. ಕಾವಲುಗಾರ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾನೆ.

ಖೋ ಖೋ ಆಡುವವರ ಹೆಸರೇ ಗೊತ್ತಿಲ್ಲದ ಊರಿನಲ್ಲಿ ಖೋ ಖೋ ಅಂಕಣ ಮಾಡುವವರನ್ನು ಯಾರು ಕೇಳುತ್ತಾರೆ? ಆದರೆ ಈ ಆಟದಲ್ಲಿ ಓಡುವವನ ಜೀವ ಇರುವುದು ನೆಲದಲ್ಲೇ. ಅಂಕಣದ ಎರಡು ತುದಿಗೆ ಎರಡು ಕಂಬ. ಬೆನ್ನಟ್ಟುವವನನ್ನು ತಪ್ಪಿಸಿಕೊಂಡು ಓಡುವವನು ಕಂಬದ ಸುತ್ತ ಒಂದೇ ಕಾಲೂರಿ ತಿರುಗಬೇಕು. ನೆಲ ಒಣಗಿ ಪುಡಿಯಾದರೆ ಕಾಲು ನಿಲ್ಲದು, ಹಸಿಯಾದರೂ ನಿಲ್ಲದು. ಎರಡರ ನಡುವಿನ ಹದವನ್ನು ತಿಮ್ಮಕ್ಕ ಯಾರಿಂದಲೂ ಹೊಸದಾಗಿ ಕಲಿತವರಲ್ಲ. ಮಾಗಡಿ ಕಡೆಯ ಅವರ ಊರಿನಲ್ಲಿ ರಾಗಿ ಒಕ್ಕಣೆಗೆ ಮುಂಚೆ ಹೆಂಗಸರೆಲ್ಲ ಸೇರಿ ಕಣ ಮಾಡುತ್ತಿದ್ದರು. ಮಣ್ಣು ಬಡಿದು, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ ನೆಲವನ್ನು ತಟ್ಟೆಯ ಹಾಗೆ ಮಾಡುವ ಕೆಲಸ. ಮದುವೆಯಾಗಿ ಬೆಂಗಳೂರಿಗೆ ಬಂದು ಗಾರೆ ಕೆಲಸಕ್ಕೆ ಮಣ್ಣು ಹೊರುತ್ತಿದ್ದಾಗ ಈ ಮೈದಾನಕ್ಕೆ ಒಂದು ದಿನದ ಕೂಲಿಗೆ ಬಂದರು. ಆಗಿನ ಸಂಘದ ಕಾರ್ಯದರ್ಶಿ ಬದರೀನಾರಾಯಣ ಅವರು (ಅವರು ಈಗಿಲ್ಲ) ಈ ಹೆಂಗಸು ಮಣ್ಣು ಸುರಿದು ಹೋಗುವುದರ ಬದಲು ತಾನಾಗಿಯೇ ಬಡಿಯುತ್ತಾ ಕೂತದ್ದನ್ನು ನೋಡಿ, ನಾಳೆಯೂ ಬಾ ಎಂದರು. ಆ ನಾಳೆ ಇನ್ನೂ ಮುಗಿದಿಲ್ಲ.

ಆಗ ಪ್ಯಾಂಥರೂ ಇರಲಿಲ್ಲ, ಚಿರತೆಯೂ ಇರಲಿಲ್ಲ. ಇದು ಚಾಮರಾಜಪೇಟೆ ಗೆಳೆಯರ ಖೋ ಖೋ ಸಂಘ. ಮಲ್ಲೇಶ್ವರದಲ್ಲಿದ್ದದ್ದು ಅಡ್ಡರಸ್ತೆ ಖೋ ಖೋ ಬಳಗ. ಊರ ಬಾಯಲ್ಲಿ ಇವರು ಪೇಟೆಯವರು, ಅವರು ಕ್ರಾಸಿನವರು. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಪೇಟೆಯವರ ಕಂಬ ದಪ್ಪ ಎಂದು ಕ್ರಾಸಿನವರು ಒಮ್ಮೆ ದರ್ಜಿಯನ್ನೇ ಟೇಪಿನ ಸಮೇತ ಕರೆತಂದರು. ಪೇಟೆಯ ಹುಡುಗಿಯನ್ನು ಕ್ರಾಸಿನ ಹುಡುಗ ಮದುವೆಯಾದಾಗ ಎರಡು ತಂಡದವರೂ ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ ಕೂತರು, ಮದುಮಗ ಯಾವ ಪಂಕ್ತಿಯಲ್ಲಿ ಕೂರಬೇಕೆಂದು ಜಗಳವಾಡಿ ಪಾಯಸ ಆರಿಸಿದರು. ಗೆದ್ದವರಿಗೆ ಸೋತವರು ವಿ.ವಿ. ಪುರದಲ್ಲಿ ತಿಂಡಿ ಕೊಡಿಸಬೇಕು. ಕೊಡಿಸುತ್ತಿದ್ದರು, ಬೈದುಕೊಂಡೇ ಕೊಡಿಸುತ್ತಿದ್ದರು.

ದೊಡ್ಡ ಜಗಳ ನೀರಿನದು. ತಮ್ಮ ಓಟಗಾರ ತಿರುಗುವ ಕಂಬದ ಬುಡವನ್ನೇ ಪೇಟೆಯವರು ನೆನೆಸಿಟ್ಟಿದ್ದಾರೆಂದು ಒಂದು ವರ್ಷ ಕ್ರಾಸಿನವರು ಆಟ ಬಿಟ್ಟು ಎದ್ದುಹೋದರು. ಮುಂದಿನ ವರ್ಷ ಮಲ್ಲೇಶ್ವರದಲ್ಲಿ ಪೇಟೆಯವರು ಅದೇ ದೂರು ಹೇಳಿ ಎದ್ದುಬಂದರು. ಕೈಕೈ ಮಿಲಾಯಿಸುವ ತನಕ ಹೋದ ಮೇಲೆ ಬದರೀನಾರಾಯಣ ಅವರು ಆ ಕಡೆಯ ಹಿರಿಯರ ಜತೆ ಕೂತು ಒಂದು ಕಟ್ಟಲೆ ಮಾಡಿದರು. ಈ ಎರಡು ತಂಡ ಆಡುವ ದಿನ ಅಂಕಣಕ್ಕೆ ನೀರು ಹಾಕುವವರು ಎದುರಾಳಿಯ ಕಡೆಯವರು. ಅಂಕಣ ಯಾರದೋ ಅವರು ಪಕ್ಕದಲ್ಲಿ ನಿಂತು ನೋಡಬಹುದು, ಬೈಯಬಹುದು. ಬಿಂದಿಗೆ ಮುಟ್ಟುವಂತಿಲ್ಲ. ಎದುರಾಳಿಯ ಕೈಯಿಂದ ನೀರು ಬಿದ್ದ ಮೇಲೆ ಯಾರೂ ನೆಲದ ಮೇಲೆ ದೂರು ಹೇಳುವ ಹಾಗಿಲ್ಲ.

ಹೀಗೆ ತಿಮ್ಮಕ್ಕನ ಅಂಕಣಕ್ಕೆ ಶೀನಣ್ಣ, ಶೀನಣ್ಣನ ಅಂಕಣಕ್ಕೆ ತಿಮ್ಮಕ್ಕ. ಶೀನಣ್ಣ ಮಲ್ಲೇಶ್ವರದ ಹಳೆಯ ಮನೆತನದವರು, ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದುಕೊಂಡು ಬೆಳಗ್ಗೆ ಬೆಳಗ್ಗೆ ಬಳಗದ ಅಂಕಣ ನೋಡಿಕೊಂಡವರು. ನಿವೃತ್ತಿಯಾದ ಮೇಲೂ ಅಂಕಣ ಬಿಡಲಿಲ್ಲ. ನೀರು ಹಾಕುವುದರಲ್ಲಿ ಮಹಾ ಜಿಪುಣ. ಬಿಂದಿಗೆಯೊಳಗೆ ಕೈ ಅದ್ದಿ, ಬೆರಳ ತುದಿಯಿಂದ ಪ್ರೋಕ್ಷಣೆ ಮಾಡಿದ ಹಾಗೆ ಚಿಮುಕಿಸುತ್ತಾ ನಡೆಯುತ್ತಾರೆ. ತಿಮ್ಮಕ್ಕ ಅವರ ಹಿಂದೆಯೇ ನಡೆಯುತ್ತಾ ಬೈಯುತ್ತಾರೆ. ಈ ಬೈಗುಳ ಕೇಳಲೆಂದೇ ಜನ ಕಾಫಿ ಲೋಟ ಹಿಡಿದು ಬೇಗ ಬಂದು ಕೂರುತ್ತಿದ್ದ ಕಾಲವಿತ್ತು.

"ಅಯ್ನೋರೆ, ತೀರ್ಥ ಕೊಟ್ಟಿದ್ದು ಸಾಕು, ನೀರು ಹಾಕಿ."

"ನೀವು ಹಾಕಿದ್ ಹಾಗೆ ಹಾಕಿದ್ರೆ ಇಲ್ಲಿ ಖೋ ಖೋ ಆಡೋಕಾಗಲ್ಲ ತಿಮ್ಮಕ್ಕ, ಭತ್ತ ನಾಟಿ ಮಾಡ್ಬೇಕಾಗುತ್ತೆ."

ಇಷ್ಟು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ಒಪ್ಪಿದ್ದಿಲ್ಲ. ಶೀನಣ್ಣ ನೀರು ಹಾಕಿದ ನೆಲ ಮಧ್ಯಾಹ್ನದ ಹೊತ್ತಿಗೆ ದೂಳೇಳುತ್ತದೆ ಎಂಬುದು ತಿಮ್ಮಕ್ಕನ ದೂರು. ಅದು ಇಂದಿಗೂ ಹಾಗೇ ಇದೆ.

ಮೂರು ವರ್ಷದ ಹಿಂದೆ ಕಂಪನಿ ಬಂತು. ಹರಾಜು ನಡೆಯಿತು. ಪೇಟೆಯವರು ಪ್ಯಾಂಥರ್ಸ್ ಆದರು, ಕ್ರಾಸಿನವರು ಮಸ್ಟ್ಯಾಂಗ್ಸ್ ಆದರು. ಎಲ್ಲೆಲ್ಲಿಂದಲೋ ಕೊಂಡುತಂದ ಆಟಗಾರರನ್ನು ಉಪ್ಪಾರಪೇಟೆಯ ಲಾಡ್ಜಿನಲ್ಲಿ ತುಂಬಿದರು. ಪೇಟೆ ತಂಡದಲ್ಲಿ ಪೇಟೆಯವನೆಂದು ಉಳಿದದ್ದು ಕುಶಾಲ್ ಒಬ್ಬ. ಬೇರೆ ಕಡೆಯೆಲ್ಲ ಮ್ಯಾಟ್ ಹಾಸುವವರು ಇಲ್ಲಿ ಮಣ್ಣನ್ನೇ ಉಳಿಸಿಕೊಂಡರು, ಟೀವಿಯಲ್ಲಿ ಮಣ್ಣಿನ ಸೊಗಡು ಚೆನ್ನಾಗಿ ಕಾಣುತ್ತದಂತೆ. ಸೊಗಡು ಬೇಕು, ಸಗಣಿ ಬೇಡ. ವಾಸನೆ ಬರುತ್ತದೆಂದು ಅದನ್ನು ನಿಲ್ಲಿಸಿದರು. ನೀರಿನ ಕಟ್ಟಲೆಯನ್ನು ಮಾತ್ರ ಕ್ಯಾಮೆರಾ ಇಟ್ಟು ತೋರಿಸಿದರು, ನೋಡುವವರಿಗೆ ಅದೊಂದು ತಮಾಷೆ.

ಹೋದ ವರ್ಷ ಎರಡು ತಂಡ ಇಲ್ಲಿ ಆಡುವ ಹಿಂದಿನ ದಿನ, ಲೇಔಟ್ ಮಾಡಿ ಸೈಟು ಮಾರುವ ಪ್ರಾಯೋಜಕರೊಬ್ಬರ ಹೆಸರನ್ನು ಕಂಬದ ಹಿಂದಿನ ನೆಲದ ಮೇಲೆ ದೊಡ್ಡದಾಗಿ ಬರೆಸಿದರು. ಆಟಗಾರ ಕಾಲೂರಿ ತಿರುಗುವುದು ಸರಿಯಾಗಿ ಅಲ್ಲೇ. ಬಳಿದದ್ದು ಮನೆಗೋಡೆಗೆ ಬಳಿಯುವ ಹೊಳಪಿನ ಬಣ್ಣ. ಮಣ್ಣಿನ ಮೇಲೆ ಅದು ಒಣಗಿ ಪ್ಲಾಸ್ಟಿಕ್ ಹಾಳೆಯ ಹಾಗೆ ಕೂತಿತು. ಇದರ ಮೇಲೆ ಓಡಿದರೆ ಬೀಳುತ್ತಾರೆಂದು ತಿಮ್ಮಕ್ಕ ತಂಡದ ಮ್ಯಾನೇಜರ್ ಮಧುಸೂದನ್ ಅವರಿಗೆ ಹೇಳಿದರು. ಅದು ಬ್ರ್ಯಾಂಡಿಂಗ್ ಅಮ್ಮ, ನಮ್ಮ ಕೈಲಿಲ್ಲ ಎಂದು ಅವರು ಫೋನು ಕಿವಿಗೆ ಹಚ್ಚಿಕೊಂಡರು.

ಕುಶಾಲ್ ಬಿದ್ದದ್ದು ಆ ಹೆಸರಿನ ಮೇಲೆ. ಅವನನ್ನು ಆಂಬುಲೆನ್ಸಿಗೆ ಏರಿಸಿದ ಸಂಜೆಯೇ ಇಬ್ಬರು ಬಂದು ಬಣ್ಣವನ್ನು ಕೆರೆದು ಹೊತ್ತುಕೊಂಡು ಹೋದರು. ಕೆರೆಯಲು ಆಳು ಕಳಿಸಿದವರಿಗೆ ಹುಡುಗ ಜಾರಿದ್ದು ಯಾವುದರ ಮೇಲೆಂದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಶೀನಣ್ಣನ ಹೆಸರು ಹೇಳಿದರು. ಪ್ರಾಯೋಜಕರ ಹೆಸರು ಉಳಿಯಬೇಕಲ್ಲ. ಶೀನಣ್ಣ ನೀರು ಚಿಮುಕಿಸುವ ತುಣುಕನ್ನು ಯಾರೋ ಕತ್ತರಿಸಿ, ಕೆಟ್ಟ ಸಂಗೀತ ಸೇರಿಸಿ ಹರಿಬಿಟ್ಟರು. ಎರಡು ದಿನದಲ್ಲಿ ಊರೆಲ್ಲ ಅದೇ ಮಾತಾಯಿತು.

ಕುಶಾಲ್ ಈಗ ಊರುಗೋಲಿನಲ್ಲಿ ಓಡಾಡುತ್ತಾನೆ. ಕೆಲವು ದಿನ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂರುತ್ತಾನೆ. ನಿಜ ನೀನೇ ಹೇಳಬಾರದೇ ಎಂದು ತಿಮ್ಮಕ್ಕ ಅವನನ್ನು ಗದರಿಸಿದ್ದುಂಟು. ಆಸ್ಪತ್ರೆಯ ಖರ್ಚು ಕಂಪನಿಯದು, ಬಾಯಿ ಬಿಟ್ಟರೆ ಅದು ನಿಲ್ಲುತ್ತದೆ ಎಂದು ಅವನು ತಲೆ ತಗ್ಗಿಸುತ್ತಾನೆ. ತಿಮ್ಮಕ್ಕ ಮತ್ತೆ ಕೇಳುವುದಿಲ್ಲ. ಕೋಪವೆಲ್ಲ ಹಾರೆಗೆ ಹೋಗುತ್ತದೆ.

ಒಂದು ಭಾನುವಾರ ಅವರೇ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿ ಮಲ್ಲೇಶ್ವರಕ್ಕೆ ಹೋದರು. ಶೀನಣ್ಣ ಮಾರ್ಕೆಟ್ಟಿಗೆ ಹೋಗುವುದನ್ನೂ ಬಿಟ್ಟಿದ್ದಾರೆಂದು ಅವರ ಹೆಂಡತಿ ಚೂಡಾಮಣಿ ಬಾಗಿಲಲ್ಲೇ ಹೇಳಿದರು. ಹೂವಿನವನು ನೀರು ಚಿಮುಕಿಸುತ್ತಾ, ಇಷ್ಟು ಸಾಕಾ ಸ್ವಾಮಿ, ಯಾರನ್ನಾದರೂ ಬೀಳಿಸಬೇಕಾ ಎಂದು ನಕ್ಕನಂತೆ. ಅಂದಿನಿಂದ ಹೊಸ್ತಿಲು ದಾಟಿಲ್ಲ. ಶೀನಣ್ಣ ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಕೇಳಿದರು:

"ನೀವೂ ನಂಬಿದ್ರಾ ತಿಮ್ಮಕ್ಕ?"

"ನೀವು ಒಂದು ಹನಿ ಜಾಸ್ತಿ ಹಾಕಿದ್ರಿ ಅಂತ ನಂಬೋಕೆ ನಾನೇನು ನಿಮ್ಮನ್ನ ನಿನ್ನೆ ನೋಡಿದ್ನಾ? ಅವತ್ತೂ ನೆಲ ಒಣಗೇ ಇತ್ತು. ಬಾಯಿ ಬಿಟ್ಟು ಬೈದಿದೀನಲ್ಲ, ಮರ್ತೋಯ್ತಾ?"

ಚೂಡಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಶೀನಣ್ಣ ನಕ್ಕರು, ಬಹಳ ದಿನದ ಮೇಲೆ ನಕ್ಕದ್ದು ಎಂದು ಆಮೇಲೆ ಚೂಡಾಮಣಿ ಹೇಳಿದರು. ತಿಮ್ಮಕ್ಕನಿಗೆ ನಗು ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ರೇಗುತ್ತಲೇ ಇತ್ತು. ಒಬ್ಬ ಮನುಷ್ಯನನ್ನು ಹಾಳು ಮಾಡುವಾಗಲೂ ಇವರು ಅವನ ನಿಜವಾದ ದೋಷ ಯಾವುದೆಂದು ತಿಳಿದುಕೊಳ್ಳುವ ತೊಂದರೆ ತೆಗೆದುಕೊಳ್ಳಲಿಲ್ಲವಲ್ಲ ಎಂದು.

ಈ ಸಲದ ಪಂದ್ಯ ಬರುವ ಭಾನುವಾರ. ದೀಪ ಹೊತ್ತ ವ್ಯಾನು ಅಂಕಣದೊಳಗೆ ಬಂದದ್ದು ಅದರ ಪ್ರಚಾರದ ಚಿತ್ರಕ್ಕೆ. ಬೆಳಕು ಹರಿದು ಚಕ್ರದ ಹಳ್ಳ ಮುಚ್ಚುವ ಹೊತ್ತಿಗೆ ಮಧುಸೂದನ್ ಬರುತ್ತಾರೆ, ಜತೆಗೆ ಕ್ಯಾಮೆರಾದವರು. ಮಧುಸೂದನ್ ಕೆಟ್ಟವರೇನಲ್ಲ. ಅವರಿಗೂ ಮೇಲಿನವರು ಫೋನು ಮಾಡುತ್ತಲೇ ಇರುತ್ತಾರೆ. ಜನ ಬರಬೇಕಾದರೆ ಹಗೆ ಬೇಕು, ಹಗೆಗೆ ಒಂದು ಕಥೆ ಬೇಕು, ಕಥೆಯನ್ನು ವಯಸ್ಸಾದ ಹೆಂಗಸೊಬ್ಬರು ಹೇಳಿದರೆ ಎಲ್ಲರೂ ನಂಬುತ್ತಾರೆ ಎಂದು ಯಾರೋ ಲೆಕ್ಕ ಹಾಕಿದ್ದಾರೆ. ತಿಮ್ಮಕ್ಕ ಬಿಂದಿಗೆ ಹಿಡಿದು ಕಂಬದ ಪಕ್ಕ ನಿಲ್ಲಬೇಕು. ಕ್ರಾಸಿನವರು ನಮ್ಮ ಹುಡುಗನ ಕಾಲು ಮುರಿದರು, ಇನ್ನು ನಮ್ಮ ನೆಲಕ್ಕೆ ಅವರ ನೀರು ಬೀಳಲು ಬಿಡುವುದಿಲ್ಲ ಎನ್ನಬೇಕು. ಎರಡೇ ಮಾತು. ಹೇಳಿದರೆ ಮುಂದಿನ ವರ್ಷವೂ ಕೆಲಸ. ಹೇಳದಿದ್ದರೆ ಮ್ಯಾಟ್ ಹಾಸುವ ಯೋಚನೆ ಮೇಲಿನವರಿಗೆ ಇದ್ದೇ ಇದೆ. ಇದನ್ನು ಮಧುಸೂದನ್ ಬಹಳ ಮೆಲ್ಲಗೆ, ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳುತ್ತಾರೆ.

ತಿಮ್ಮಕ್ಕನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯುವುದಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಬೇರೆ ಕಡೆ ಯಾರು ಮಣ್ಣು ಬಡಿಯಲು ಕರೆಯುತ್ತಾರೆ? ಊರಿನಲ್ಲೇ ಈಗ ಕಣ ಮಾಡುವವರಿಲ್ಲ, ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡಿ ಲಾರಿಗಳ ಕೈಲಿ ತುಳಿಸುತ್ತಾರೆ. ಆದರೆ ತಾನು ಆ ಎರಡು ಮಾತು ಆಡಿದರೆ ಮಲ್ಲೇಶ್ವರದ ಆ ಮನೆಯ ಬಾಗಿಲು ಇನ್ನು ತೆರೆಯುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಕಂಪನಿ ಹೇಳಿದ್ದನ್ನು ಜನ ಮರೆಯಬಹುದು. ಶೀನಣ್ಣನ ಹಿಂದೆಯೇ ನಡೆದು ಬೈದವಳು ಹೇಳಿದರೆ ಅದು ಸಾಕ್ಷಿ.

ಕ್ಯಾಮೆರಾದವನು ಬೆಳಕು ಸರಿಮಾಡಿ, ಹೇಳಿ ಅಜ್ಜಿ ಎನ್ನುತ್ತಾನೆ.

"ನೀನು ಅಜ್ಜಿ ಅನ್ನೋಕೆ ನಿಮ್ಮಪ್ಪ ನನ್ನ ಮಗನಲ್ಲ," ಎನ್ನುತ್ತಾರೆ ತಿಮ್ಮಕ್ಕ. ಆಮೇಲೆ ಮಧುಸೂದನ್ ಕಡೆ ತಿರುಗುತ್ತಾರೆ. "ಸ್ವಾಮಿ, ಅವರ ಮೇಲೆ ನನಗೆ ದೂರು ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಹಿಡಿರಿ ನಿಮ್ಮ ಕ್ಯಾಮೆರಾ, ಮಧ್ಯಾಹ್ನದ ತನಕ ಹೇಳ್ತೀನಿ. ಆ ಮನುಷ್ಯ ನೀರು ಕಮ್ಮಿ ಹಾಕ್ತಾರೆ. ಅವತ್ತೂ ಕಮ್ಮಿನೇ ಹಾಕಿದ್ರು. ಹುಡುಗ ಬಿದ್ದಿದ್ದು ನಿಮ್ಮ ಬಣ್ಣದ ಮೇಲೆ. ಇದು ಬೇಕಾದ್ರೆ ತಗೊಳ್ಳಿ."

ಕ್ಯಾಮೆರಾ ಆಫ್ ಮಾಡಲು ಮಧುಸೂದನ್ ಕೈಸನ್ನೆ ಮಾಡುತ್ತಾರೆ. ಹಣೆ ಒರೆಸಿಕೊಳ್ಳುತ್ತಾರೆ. ಫೋನು ಹೊಡೆದುಕೊಳ್ಳುತ್ತಿದೆ, ಎತ್ತುವುದಿಲ್ಲ. ಕೊನೆಗೆ ಚೌಕಾಸಿಗೆ ಇಳಿದವರ ಹಾಗೆ ಹತ್ತಿರ ಬರುತ್ತಾರೆ. ಮಾತು ಬೇಡ ಅಮ್ಮ, ಬಿಡಿ, ಸುಮ್ಮನೆ ಭಾನುವಾರದ ನೀರು ನೀವೇ ಹಾಕಿಬಿಡಿ, ಹಾಕುವುದನ್ನು ನಾವು ತೋರಿಸಿಕೊಳ್ಳುತ್ತೇವೆ, ನಿಮ್ಮ ಕೆಲಸಕ್ಕೆ ನಾನು ಜವಾಬ್ದಾರಿ.

ತಿಮ್ಮಕ್ಕ ಬಿಂದಿಗೆಯನ್ನು ಅವರ ಬೂಟಿನ ಪಕ್ಕದಲ್ಲೇ ಇಳಿಸುತ್ತಾರೆ.

"ಹಾಕಲ್ಲ. ನಿಮ್ಮ ಕಾರು ಸುಮ್ನೆ ನಿಂತಿದೆಯಲ್ಲ, ಮಲ್ಲೇಶ್ವರಕ್ಕೆ ಕಳಿಸಿ, ಅಯ್ನೋರನ್ನ ಕರ್ಕೊಂಡ್ ಬರ್ಲಿ."