ಗಾಜಿನ ಗೋಳದೊಳಗೆ ಅತ್ತೆಯ ಹಲ್ಲಿನ ದುಡ್ಡು

ಹಳೆಯದಾದ ನೋಟನ್ನು ಬ್ಯಾಂಕೇ ಯಂತ್ರಕ್ಕೆ ಹಾಕಿ ಚೂರುಚೂರು ಮಾಡಿಸುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಯಾರೋ ಬೆವರು ಸುರಿಸಿ ದುಡಿದದ್ದು, ಯಾರೋ ಎದೆಗೆ ಅವುಚಿಕೊಂಡು ಓಡಾಡಿದ್ದು, ಯಾರೋ ಇನ್ನೊಬ್ಬರ ಮುಖಕ್ಕೆ ಎಸೆದದ್ದು, ಎಲ್ಲವೂ ಒಂದು ದಿನ ಎಳೆಎಳೆಯಾಗಿ ಕತ್ತರಿಸಿಕೊಂಡು, ಒತ್ತಿಸಿಕೊಂಡು, ಇಟ್ಟಿಗೆಯಾಗಿ ಹೊರಗೆ ಬೀಳುತ್ತದೆ. ಕೆಲವು ಕಡೆ ಆ ಇಟ್ಟಿಗೆಯನ್ನು ಕುಲುಮೆಗೆ ಹಾಕುತ್ತಾರೆ. ಕೆಲವು ಕಡೆ ಅದನ್ನೇ ಬಿಡಿಸಿ, ಗಾಜಿನ ಗೋಳಕ್ಕೆ ತುಂಬಿ, ನಿಮ್ಮ ಮೇಜಿಗೊಂದು ಅಲಂಕಾರವೆಂದು ಮಾರುತ್ತಾರೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ: ಅಸಲಿ ದುಡ್ಡು!

ಆ ಗೋಳ ತುಂಬುವವಳೊಬ್ಬಳಿದ್ದಾಳೆ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚಿಮಟಕ್ಕ ಎನ್ನುತ್ತಾರೆ. ಕೈಯಲ್ಲಿ ಸದಾ ಒಂದು ಸಣ್ಣ ಚಿಮಟ. ಊಟಕ್ಕೆ ಕೂತಾಗಲೂ ಅದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿರುತ್ತದೆ. ಇಲ್ಲಿಗೆ ಬರುವ ಮುಂಚೆ ಬೊಂಬೆಗಳ ಕಣ್ಣಿಗೆ ರೆಪ್ಪೆ ಅಂಟಿಸುತ್ತಿದ್ದಳು. ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿ ಸೇರಿದಳು. ಗಂಡ ಲಾರಿ ಓಡಿಸುತ್ತಾನೆ, ಅಪರೂಪಕ್ಕೆ ಮುಖ ತೋರಿಸುತ್ತಾನೆ. ಮನೆಯಲ್ಲಿರುವುದು ಅವಳು, ಅವಳ ಅತ್ತೆ.

ಕೆಲಸ ಹೀಗೆ. ಇಟ್ಟಿಗೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಸುವುದು, ಬಿಡಿಸುವುದು, ಜಾಲರಿಯ ಮೇಲೆ ಒಣಗಿಸುವುದು. ಆಮೇಲೆ ಬಣ್ಣ ಚೆನ್ನಾಗಿರುವ ಎಳೆಗಳನ್ನು ಆರಿಸಿ ಗಾಜಿಗೆ ತಾಗುವಂತೆ ಕೂರಿಸುವುದು, ಮಂಕಾದದ್ದನ್ನು ಒಳಗೆ ತುರುಕುವುದು. ಕೊಳ್ಳುವವರಿಗೆ ಒಂದು ಅಂಕಿಯ ಬಾಲವೋ, ಒಂದು ಮುಖದ ಹುಬ್ಬೋ ಕಾಣಬೇಕು. ಕಾಣದಿದ್ದರೆ ಅದು ಕಸ, ಕಂಡರೆ ಸರಕು.

ಬ್ಯಾಂಕಿನವರು ಇಟ್ಟಿಗೆ ಕೊಡುವಾಗಲೇ ಷರತ್ತು ಹಾಕಿದ್ದಾರೆ: ಗೋಳದೊಳಗಲ್ಲದೆ ಬೇರೆ ರೀತಿಯಲ್ಲಿ ಒಂದು ಚೂರೂ ಹೊರಗೆ ಹೋಗಬಾರದು. ಹಾಗಾಗಿ ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ಬ್ರಷ್ಷು ಹಿಡಿದು ನಿಲ್ಲುತ್ತಾಳೆ. ಕೂದಲು, ಕಾಲರು, ಜೇಬು, ಊಟದ ಡಬ್ಬಿ ಎಲ್ಲವನ್ನೂ ಗುಡಿಸಿ, ಕೊಡವಿ ಕಳಿಸುತ್ತಾಳೆ. ಅವಳಿಗೆ ಬ್ರಷ್ಷಕ್ಕ ಎಂದೇ ಹೆಸರು. ಒಳಗೆ ಹೋಗುವಾಗ ಮಾತ್ರ ಯಾರೂ ಯಾರನ್ನೂ ನೋಡುವುದಿಲ್ಲ. ದುಡ್ಡಿನ ಚೂರನ್ನು ಮನೆಯಿಂದ ಹೊತ್ತುಕೊಂಡು ಬರುವವರು ಯಾರಿದ್ದಾರೆ?

ಚಿಮಟಕ್ಕ ಹೊತ್ತುಕೊಂಡು ಬಂದಳು.

ಅವಳ ಅತ್ತೆಗೆ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ನುಂಗಿ ನುಂಗಿ ಸಾಕಾಗಿ, ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಬೇಕೆಂದು ಮುದುಕಿ ಮನೆಮನೆಯ ಬಟ್ಟೆ ಇಸ್ತ್ರಿ ಮಾಡಿ ನೋಟು ಕೂಡಿಟ್ಟಿದ್ದಳು. ಕೂಡಿಟ್ಟದ್ದು ತೀರಿಹೋದ ಗಂಡನ ಬೂಟಿನೊಳಗೆ. ಬ್ಯಾಂಕಿನಲ್ಲಿಡಿ ಎಂದರೆ, "ಬ್ಯಾಂಕಿಗೆ ಹೋದ್ರೆ ನೂರೆಂಟು ಕೇಳ್ತಾರೆ, ನಿಮ್ಮ ಮಾವನ ಬೂಟು ಏನೂ ಕೇಳಲ್ಲ," ಎನ್ನುತ್ತಿದ್ದಳು.

ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಿನ ಸೊಸೆ ಬೂಟಿನೊಳಗೆ ಕೈ ಹಾಕಿದಳು. ಬೆರಳಿಗೆ ಏನೋ ಬೆಚ್ಚಗೆ ತಾಗಿತು. ಕಿಟಾರನೆ ಕಿರುಚಿ ಕೈ ಎಳೆದುಕೊಂಡಳು. ಬೂಟು ಮಗುಚಿದಾಗ ನೆಲಕ್ಕೆ ಬಿದ್ದದ್ದು ಕಣ್ಣು ತೆರೆಯದ ಗುಲಾಬಿ ಬಣ್ಣದ ಇಲಿಮರಿಗಳು. ಅವುಗಳ ಸುತ್ತ ಮೆತ್ತಗೆ, ಉಂಡೆಯಾಗಿ, ನೋಟಿನ ಚೂರು.

ಮುದುಕಿ ನೆಲದ ಮೇಲೆ ಕೂತು ಒಂದು ಚೂರನ್ನು ಎತ್ತಿ ನೋಡಿದಳು.

"ಇದರ ಬಾಣಂತನಕ್ಕೆ ನನ್ನ ಹಲ್ಲಿನ ದುಡ್ಡೇ ಬೇಕಿತ್ತೇನೆ?" ಎಂದಳು ಕೊನೆಗೆ.

ಮರಿಗಳನ್ನು ಹಿತ್ತಿಲಿಗೆ ಸಾಗಿಸಿ, ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇಬ್ಬರೂ ಬ್ಯಾಂಕಿಗೆ ಓಡಿದರು. ಕೌಂಟರಿನವನು ಮೂಗು ಮುಚ್ಚಿಕೊಂಡು ಕುರ್ಚಿ ಹಿಂದಕ್ಕೆ ಸರಿಸಿದ.

"ಏನಮ್ಮ, ಇಲಿಗೂಡು ತಂದಿದ್ದೀರಾ?"

"ಇಲಿ ಹಿತ್ತಿಲಲ್ಲಿದೆ ಕಣಪ್ಪ. ಇದು ದುಡ್ಡು," ಎಂದಳು ಮುದುಕಿ.

"ಹೀಗಿದ್ರೆ ಇದು ಕಸ. ಒಂದೊಂದು ನೋಟಿಂದೂ ಅರ್ಧಕ್ಕಿಂತ ಜಾಸ್ತಿ ಭಾಗ ಜೋಡಿಸಿ ತನ್ನಿ, ಆಮೇಲೆ ನೋಡೋಣ."

ಅವನು ಅದನ್ನು ಹೇಳಿದ್ದು ಸಾಗಹಾಕುವುದಕ್ಕೆ. ಎದುರಿಗೆ ನಿಂತವಳು ಬೊಂಬೆಗೆ ರೆಪ್ಪೆ ಅಂಟಿಸಿದವಳೆಂದು ಅವನಿಗೇನು ಗೊತ್ತು? ಚಿಮಟಕ್ಕನ ಮುಖ ಅರಳಿತು. "ಜೋಡಿಸ್ತೀನಿ ಅತ್ತೆ," ಎಂದಳು, ಬಟನ್ನು ಹೊಲಿದುಕೊಡ್ತೀನಿ ಎನ್ನುವಷ್ಟು ಸಲೀಸಾಗಿ.

ಮನೆಯ ಬಲ್ಬಿನಲ್ಲಿ ಕಣ್ಣೇ ಕಾಣುವುದಿಲ್ಲ. ಕಾರ್ಖಾನೆಯಲ್ಲಾದರೆ ಒಳ್ಳೆಯ ದೀಪವಿದೆ, ಗಾಜಿನ ಹಲಗೆಯಿದೆ. ಚೂರುಗಳನ್ನು ಡಬ್ಬಿಯಲ್ಲಿ ತಂದು ತನ್ನ ಮೇಜಿನ ಖಾನೆಯಲ್ಲಿಟ್ಟಳು. ಊಟದ ಬಿಡುವಿನಲ್ಲಿ ನಾಲ್ಕು ತುತ್ತು ಗಬಗಬ ನುಂಗಿ, ಉಳಿದ ಹೊತ್ತೆಲ್ಲ ಅಂಕಿಗೆ ಅಂಕಿ, ಗೆರೆಗೆ ಗೆರೆ ಕೂಡಿಸಿ ತೆಳು ಕಾಗದಕ್ಕೆ ಅಂಟಿಸಿದಳು. ಅಕ್ಕಪಕ್ಕದವರು ಬಗ್ಗಿ ನೋಡಿ, "ಅತ್ತೆಗೆ ಹಲ್ಲು ಬಂದ ಮೇಲೆ ಮೊದಲು ನಿನ್ನನ್ನೇ ಕಚ್ಚೋದು ನೋಡು," ಎಂದು ನಗುತ್ತಿದ್ದರು. ಇಲಿ ತಿಂದುಹಾಕಿದ್ದು ಕಡಿಮೆ, ಕಡಿದುಹಾಕಿದ್ದೇ ಹೆಚ್ಚು. ವಾರಗಳು ಉರುಳಿದಂತೆ ನೋಟುಗಳು ಎದ್ದು ಕೂತವು.

ಕೊನೆಯದನ್ನೂ ಅಂಟಿಸಿದ ಸಂಜೆ, ಹಗುರಾಗಿ, ಡಬ್ಬಿ ಹಿಡಿದು ಬಾಗಿಲಿಗೆ ಬಂದಳು.

"ಡಬ್ಬಿ ತೆಗಿ," ಎಂದಳು ಬ್ರಷ್ಷಕ್ಕ ಎಲ್ಲೋ ನೋಡುತ್ತ.

ಕದ್ದಿಲ್ಲವೆಂದ ಮೇಲೆ ಹೆದರಿಕೆ ಯಾಕೆ? ತೆಗೆದಳು. ಬ್ರಷ್ಷಕ್ಕನ ಕೈಯಿಂದ ಬ್ರಷ್ಷು ಜಾರಿ ಬಿತ್ತು.

"ಅಯ್ಯೋ, ಏನೇ ಇದು! ನೋಟು!"

"ನಮ್ಮತ್ತೆದು ಅಕ್ಕ. ಇಲಿ ಕಡಿದಿತ್ತು, ಅಂಟಿಸಿದೆ."

"ತರೋವಾಗ ನಂಗೊಂದು ಮಾತು ಹೇಳಬಾರದಿತ್ತಾ?"

"ಒಳಗೆ ಬರೋವಾಗ ನೀವು ಯಾವತ್ತಾದ್ರೂ ಏನಾದ್ರೂ ಕೇಳಿದ್ದೀರಾ?"

ಅಷ್ಟರಲ್ಲಿ ಕಾರ್ಖಾನೆಯ ಯಜಮಾನ ಹಿಂದೆ ಬಂದು ನಿಂತಿದ್ದ. ಡಬ್ಬಿಯೊಳಗೆ ನೋಡಿದವನ ಮುಖ ಬಿಳಿಚಿಕೊಂಡಿತು.

"ನನ್ನ ಚೂರಿಂದ ನೋಟು ಮಾಡ್ತಿದ್ದೀಯಾ? ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಾ?"

"ಅಂಚು ನೋಡಿ ಸಾರ್. ನಮ್ಮ ಚೂರು ಸ್ಕೇಲಿಟ್ಟು ಕತ್ತರಿಸಿದ ಹಾಗಿರುತ್ತೆ. ಇದು ಕಡಿದಿದ್ದು. ಇಲಿ ಹಲ್ಲಿನ ಗುರುತು."

"ಇಲಿ ಬಂದು ಸಾಕ್ಷಿ ಹೇಳುತ್ತಾ?"

"ಇವರೆಲ್ಲ ನೋಡಿದ್ದಾರೆ. ಕೇಳಿ."

ಯಜಮಾನ ತಪಾಸಣೆಗೆ ನಿಂತಿದ್ದ ಹೆಂಗಸರ ಸಾಲಿನತ್ತ ತಿರುಗಿದ. "ನೋಡಿದ್ದೀರಾ? ಹಾಗಾದ್ರೆ ನೀವೂ ಪಾಲುದಾರರೇನು?"

ವಾರಗಟ್ಟಲೆ ಬಗ್ಗಿ ನೋಡಿ ನಕ್ಕವರು ಈಗ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಒಬ್ಬಳ ಬಾಯೂ ತೆರೆಯಲಿಲ್ಲ. ಬಾಯ್ತುಂಬ ಹಲ್ಲಿದ್ದವರು!

ಅವನಿಗೆ ಕಳ್ಳತನದ ಭಯವಲ್ಲ, ಬ್ಯಾಂಕಿನ ಭಯ. ಪೊಲೀಸರಿಗೆ ಹೇಳಿದರೆ ಸುದ್ದಿ ಅಲ್ಲಿಗೆ ಮುಟ್ಟುತ್ತದೆ, ಇಟ್ಟಿಗೆ ನಿಂತುಹೋಗುತ್ತದೆ. ಅದಕ್ಕೇ ಅವನು ಬೈಯುವುದನ್ನು ಬಿಟ್ಟು ಡಬ್ಬಿ ಕಿತ್ತುಕೊಂಡ, ತೊಟ್ಟಿಯ ಬಳಿ ಹೋದ, ಮಗುಚಿದ. ಅಂಟು ಬಿಸಿನೀರಿಗೆ ಬಿಟ್ಟುಕೊಂಡಿತು. ಕೋಲು ತೆಗೆದುಕೊಂಡು ತಾನೇ ತಿರುವಿದ.

ಒಂದು ಇಡೀ ನೋಟು ನೀರಲ್ಲಿ ಬಿಚ್ಚಿಕೊಳ್ಳುವುದನ್ನು, ಮುಖದಿಂದ ಹುಬ್ಬು ಬೇರೆಯಾಗಿ ತೇಲಿಹೋಗುವುದನ್ನು ಚಿಮಟಕ್ಕ ಕಣ್ಣು ಪಿಳುಕಿಸದೆ ನೋಡುತ್ತ ನಿಂತಳು. ಹೀಗೂ ಮಾಡುತ್ತಾರೆಯೇ? ಮನುಷ್ಯರು?

"ಪೊಲೀಸರಿಗೆ ಕೊಡ್ತಿಲ್ಲ, ನನ್ನ ದೊಡ್ಡತನ ಅಂತ ತಿಳ್ಕೋ," ಎಂದ ಯಜಮಾನ ಕೈ ಒರೆಸಿಕೊಳ್ಳುತ್ತ. "ನಾಳೆ ಬೇಗ ಬಾ. ದೊಡ್ಡ ಆರ್ಡರಿದೆ."

ಮನೆಯಲ್ಲಿ ಅತ್ತೆ ತಲೆ ಬಾಚಿಕೊಂಡು ಕಾಯುತ್ತಿದ್ದಳು. "ಎಲ್ಲಾ ಅಂಟಿಸಿದ್ಯಾ? ನಾಳೆ ಬ್ಯಾಂಕಿಗೆ ಹೋಗೋಣ್ವಾ?" ಎಂದು ಬೋಳು ಒಸಡು ತೋರಿಸಿ ನಕ್ಕಳು. ಸೊಸೆ ಮುಚ್ಚಿಡಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮುದುಕಿ ಬಾಚಣಿಗೆ ಕೆಳಗಿಟ್ಟಳು.

"ಇಲಿ ಆದ್ರೂ ಮರಿಗೆ ಹಾಸಿಗೆ ಮಾಡ್ತು," ಎಂದಳು ಆಮೇಲೆ. "ಇವನು ಏನ್ ಮಾಡಿದ?"

ಬೆಳಿಗ್ಗೆ ಚಿಮಟಕ್ಕನ ಮುಂದೆ ಅದೇ ತೊಟ್ಟಿಯ ಚೂರು, ಒಣಗಿ, ರಾಶಿಯಾಗಿ ಬಂತು. ಬೆರಳು ಮುಟ್ಟುತ್ತಲೇ ಗುರುತು ಹಿಡಿಯಿತು. ನೇರ ಅಂಚಿನ ಎಳೆಗಳ ನಡುವೆ ಕಡಿದ ಅಂಚಿನದೊಂದು, ಅಲ್ಲೊಂದು, ಅಲ್ಲೊಂದು. ತೆಗೆದಿಟ್ಟುಕೊಂಡರೆ ಬಾಗಿಲಲ್ಲಿ ಬ್ರಷ್ಷಿದೆ. ಬಿಟ್ಟರೆ ಗೋಳದ ಹೊಟ್ಟೆಯಲ್ಲಿ ಕಾಣದಂತೆ ಹೂತುಹೋಗುತ್ತದೆ. ಅವಳು ಮೂರನೆಯದನ್ನು ಮಾಡಿದಳು. ಕಡಿದ ಚೂರು ಸಿಕ್ಕಿದಾಗೆಲ್ಲ ಅದನ್ನು ಹೊರಗಡೆಗೆ, ಗಾಜಿಗೆ ಒತ್ತಿ, ಹಲ್ಲಿನ ಗುರುತು ನೋಡುವವರ ಕಡೆಗೇ ತಿರುಗಿರುವಂತೆ ಕೂರಿಸಿದಳು. ಬಣ್ಣ ಚೆನ್ನಾಗಿದೆ ಎಂದು ಯಜಮಾನ ಮೆಚ್ಚಿದ. ಡಬ್ಬಗಳು ಲಾರಿ ಹತ್ತಿದವು.

ಆ ಗೋಳಗಳಲ್ಲೊಂದು ನಿಮ್ಮ ಹತ್ತಿರ ಬಂದಿದೆ. ಯಾರೋ ಉಡುಗೊರೆ ಕೊಟ್ಟಿದ್ದಾರೆ, ನೀವು ಕಾಗದ ಹಾರದಿರಲೆಂದು ಭಾರಕ್ಕೆ ಇಟ್ಟುಕೊಂಡಿದ್ದೀರಿ, ಬಂದವರಿಗೆಲ್ಲ ತೋರಿಸಿ ಹಲ್ಲು ಕಿಸಿದಿದ್ದೀರಿ. ಈಗ ಅದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲ ಅಂಚೂ ನೇರವಿದ್ದರೆ ಕೆಳಗಿಡಿ. ಒಂದೇ ಒಂದು ಅಂಚು ಕಡಿದಂತೆ ಕಂಡರೂ ಅದು ನಿಮ್ಮದಲ್ಲ. ಮಾರಿದ ಅಂಗಡಿಗೆ ಹೋಗಿ, ಅದನ್ನು ಕೌಂಟರಿನ ಮೇಲಿಟ್ಟು, ಅಂಗಡಿಯವನ ಕಣ್ಣಲ್ಲಿ ಕಣ್ಣಿಟ್ಟು, ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಕೇಳಿ: ಇದು ಯಾರ ದುಡ್ಡು? ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.