ಹದಿನಾಲ್ಕು ಮಂದಿ ಮತ್ತು ಮಿಸ್ ಡೆಲ್ಫಾ ಅವರ ಟಿಪ್ಪಣಿ ಪಾಠ

ವೆಸ್ಟ್ ವರ್ಜೀನಿಯಾದ ನಮ್ಮ ಕಲ್ಲಿದ್ದಲ ಕಣಿವೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಾಯಂದಿರಿಗೆ ಇತಿಹಾಸ ಪಾಠದ ದಾರಿ ತೋರಿಸಿದ ಹಿರಿಯರೆಂದರೆ ಊರೆಲ್ಲ ‘ಮಿಸ್ ಡೆಲ್ಫಾ’ ಎಂದು ಕರೆಯುವ ಶ್ರೀಮತಿ ಡೆಲ್ಫಾ ರಿಗ್ಸ್‌ಬಿ ಅವರೊಬ್ಬರೇ. ಮೂವತ್ತೊಂದು ವರ್ಷ ಪ್ರತಿ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಆ ಮಕ್ಕಳಿಗೆ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಲು ಈ ಪತ್ರಿಕೆಯ ಸಂಪಾದಕರು ಕೇಳಿದ್ದಾರೆ. ಬರೀ ಒಳ್ಳೆಯ ಮಾತು ಬರೆದರೆ ಮಿಸ್ ಡೆಲ್ಫಾ ಕೆಂಪು ಪೆನ್ಸಿಲ್ ಎತ್ತಿಕೊಂಡಾರು.

ಅವರ ಪಾಠ ಇಷ್ಟೇ. ಪುಸ್ತಕದ ಪ್ರತಿ ಪ್ಯಾರಾದಿಂದ ಮುಖ್ಯ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಇಳಿಸಿ ರೋಮನ್ ಅಂಕಿ ಹಾಕಬೇಕು. ಉಳಿದದ್ದೆಲ್ಲ ಅದರ ಕೆಳಗೆ ಎ, ಬಿ, ಸಿ. "ಪುಸ್ತಕ ಹೇಳಿದ್ದನ್ನ ಬರಿ, ನಿನ್ನ ಮನಸ್ಸು ಹೇಳಿದ್ದನ್ನಲ್ಲ" ಎಂಬುದು ಅವರು ಸದಾ ಹೇಳುವ ಮಾತು.

ನನಗೆ ಒಂಬತ್ತು ವರ್ಷವಿದ್ದಾಗ ಗಣಿ ಸ್ಫೋಟದಲ್ಲಿ ನನ್ನ ತಂದೆಯೂ ಸೇರಿ ಹದಿನಾಲ್ಕು ಮಂದಿ ಸತ್ತರು. ಆ ಚಳಿಗಾಲವಿಡೀ ಮಿಸ್ ಡೆಲ್ಫಾ ನಮ್ಮ ಬಾಗಿಲಿಗೆ ಬೇಯಿಸಿದ ಬೀನ್ಸ್ ತಂದಿಟ್ಟು, ಕದ ತಟ್ಟದೆ ಹೋಗುತ್ತಿದ್ದರು. ಕಾರಣ ಊರಿಗೆಲ್ಲ ಗೊತ್ತಿತ್ತು: ಬೆಳಗಿನ ಜಾವ ಗಣಿಯೊಳಗೆ ಹೋಗಿ ಹೊತ್ತಿಕೊಳ್ಳುವ ಅನಿಲ ತುಂಬಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕಬೇಕಿದ್ದವರು ಅವರ ಯಜಮಾನರು, ಅರ್ಲಿಸ್. ಜನ ಗುಸುಗುಸು ಅಂದರು; ಬರೆದವರು ಯಾರೂ ಇಲ್ಲ.

ಎರಡು ವರ್ಷದ ನಂತರ ಜಿಲ್ಲೆಯ ಇತಿಹಾಸದ ಹೊಸ ಪುಸ್ತಕ ನಮ್ಮ ತರಗತಿಗೆ ಬಂತು. ಅದರಲ್ಲಿ ಆ ಸ್ಫೋಟದ ಬಗ್ಗೆಯೂ ಒಂದು ಪ್ಯಾರಾ ಇತ್ತು. ನಾನು ರೋಮನ್ ಒಂದರ ಎದುರಿಗೆ ಅಪ್ಪನ ಸಾವನ್ನು ಬರೆದೆ. ಅವರು ಹೊಡೆದುಹಾಕಿದರು.

"ತಪ್ಪು ಕಣೇ, ಟ್ರೀವಾ. ಆರು ವಾರಕ್ಕೆ ಗಣಿ ಮತ್ತೆ ಶುರುವಾಯ್ತು ಅನ್ನೋದೇ ಇಲ್ಲಿ ಮುಖ್ಯ. ಸತ್ತವರು ಸಿ."

"ನಮ್ಮಪ್ಪ ಸತ್ತದ್ದು ಅಷ್ಟು ಸಣ್ಣ ವಿಷಯಾನಾ, ಮಿಸ್ ಡೆಲ್ಫಾ?"

"ಈ ಪುಸ್ತಕಕ್ಕೆ ಹೌದು. ಅವರನ್ನ ಎಲ್ಲಿಟ್ಟಿದ್ದಾರೆ ಅಂತ ಮೊದಲು ಕಣ್ಣುಬಿಟ್ಟು ನೋಡು. ಆಮೇಲೆ ನೀನೇ ಒಂದು ಪ್ಯಾರಾ ಬರಿ. ಯಾರು ಟಿಪ್ಪಣಿ ಇಳಿಸಿದ್ರೂ ಅವರನ್ನ ಕೆಳಗೆ ತಳ್ಳೋಕೆ ಆಗಬಾರದು, ಹಾಗೆ."

ಅಂದು ನಾನು ಅವರನ್ನು ದ್ವೇಷಿಸಿದೆ. ಗಂಡನ ತಪ್ಪು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಆ ಪ್ಯಾರಾ ಬರೆಯಲು ಹತ್ತೊಂಬತ್ತು ವರ್ಷ ಹಿಡಿಯಿತು. ತನಿಖೆಯ ಕಡತಗಳನ್ನು ಓದಿ ನನ್ನದೇ ಪುಸ್ತಕ ಬರೆದು ಮುಗಿಸಿ, ಅಚ್ಚಾಗುವ ಮುನ್ನ ಅವರ ಮನೆಗೆ ಒಯ್ದೆ. ಅರ್ಲಿಸ್ ರಿಗ್ಸ್‌ಬಿ ಒಳಗೆ ಹೋಗದೆಯೇ ಸಹಿ ಹಾಕಿದ್ದರೆಂದು ಅದರಲ್ಲಿತ್ತು. ಬೇಕಾದರೆ ಹೆಸರು ತೆಗೆಯುತ್ತೇನೆ ಎಂದೆ.

"ತೆಗೆದ್ರೆ ಪ್ಯಾರಾ ಕುಂಟುತ್ತೆ" ಎಂದರು. ಪಕ್ಕದ ಕೋಣೆಯಲ್ಲಿ ಅರ್ಲಿಸ್ ಟಿವಿ ಸದ್ದು ಇಳಿಸಿದ್ದು ಕೇಳಿಸಿತು.

ಕಳೆದ ಫೆಬ್ರವರಿಯಲ್ಲಿ ಮಿಸ್ ಡೆಲ್ಫಾ ನನ್ನ ಪುಸ್ತಕದ ಅದೇ ಪ್ಯಾರಾವನ್ನು ತರಗತಿಗೆ ಕೊಟ್ಟರು. ನನ್ನನ್ನೂ ಕರೆಸಿ ಹಿಂದೆ ಕೂರಿಸಿದ್ದರು. ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ಓದಿದಳು. ರೋಮನ್ ಒಂದು: ತಡೆಯಬಹುದಾಗಿದ್ದ ಸ್ಫೋಟದಲ್ಲಿ ಹದಿನಾಲ್ಕು ಮಂದಿ ಸತ್ತರು. ಎ: ಅವರ ಹೆಸರುಗಳು. ಬಿ: ನೋಡದೆ ಸಹಿ ಹಾಕಿದವರು ಒಬ್ಬರು.

"ಹೆಸರು ಬಿಟ್ಟಿದ್ದೀಯಲ್ಲ, ಮಗಳೇ. ಪುಸ್ತಕದಲ್ಲಿ ಇಲ್ವಾ?"

ಮಗು ತಲೆ ತಗ್ಗಿಸಿತು. ಮಿಸ್ ಡೆಲ್ಫಾ ಹಾಳೆ ಇಸಿದುಕೊಂಡು, ಗಂಡನ ಹೆಸರನ್ನು ಕೆಂಪು ಪೆನ್ಸಿಲಿನಲ್ಲಿ ತಾವೇ ಬರೆದು ಹಿಂದಿರುಗಿಸಿದರು. ಅಕ್ಷರ ಸ್ಪಷ್ಟವಾಗಿತ್ತು.

ಅವರು ನೂರು ಕಾಲ ಬಾಳಲಿ, ಆ ಪೆನ್ಸಿಲ್ ಇನ್ನೂ ಬಹಳ ಹಾಳೆಗಳನ್ನು ತಿದ್ದಲಿ. ಅವರ ಮನೆಯಲ್ಲಿ ಅರ್ಲಿಸ್ ಅವರೂ ಬಾಳಲಿ. ಅರ್ಲಿಸ್ ಕುರಿತ ಈ ಹಾರೈಕೆಯನ್ನು ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ.